ಮಳೆಗಾಲ ಕಳೆದು ಸ್ನಾರ್ಕೆಲ್ ಚೀಲ ತೆರೆದಾಗ: ಯಾವುದು ಉಳಿಯುತ್ತೆ, ಯಾವುದನ್ನು ಎಸೆಯಬೇಕು?

ಪ್ರಶ್ನೆ: ನಾವು ಬೆಂಗಳೂರಿನವರು. ಜನವರಿಯಲ್ಲಿ ಅಂಡಮಾನ್‌ಗೆ ಹೋಗುವ ಮುಂಚೆ, ಬಾಡಿಗೆಯದ್ದು ಬೇಡ ಅಂತ ಎರಡು ಸೆಟ್ ಸ್ನಾರ್ಕೆಲಿಂಗ್ ಸಾಮಾನು ಕೊಂಡೆವು. ಮಾಸ್ಕ್, ಉಸಿರಾಡುವ ಕೊಳವೆ ಅಂದರೆ ಡ್ರೈ ಸ್ನಾರ್ಕೆಲ್, ಕಾಲಿಗೆ ಹಾಕುವ ಹುಟ್ಟಿನಂಥ ಫಿನ್ಸ್, ಬಾಯಲ್ಲಿ ಗಾಳಿ ಊದುವ ವೆಸ್ಟ್. ಏಪ್ರಿಲ್‌ನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೂ ಹೋಗಿ ಬಂದೆವು. ಮನೆಗೆ ಬಂದ ಮೇಲೆ ಎಲ್ಲವನ್ನೂ ನಲ್ಲಿ ಕೆಳಗೆ ತೊಳೆದು, ಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟೆ. ಈಗ ತೆಗೆದರೆ ಮಾಸ್ಕ್ ಒಳಗೆ ಕಪ್ಪು ಚುಕ್ಕೆಗಳು, ಗಾಜಿನ ಮೇಲೆ ಬಿಳಿ ಕಲೆ. ಸ್ನಾರ್ಕೆಲ್ ಮುಗ್ಗಲು ವಾಸನೆ ಹೊಡೆಯುತ್ತಿದೆ. ನಮ್ಮ ಯಜಮಾನರ ಮಾಸ್ಕ್ ಪಟ್ಟಿ ಅಂಟಂಟಾಗಿದೆ. ಒಂದು ಫಿನ್ನಿನ ತುದಿ ಸೊಟ್ಟಗಾಗಿದೆ. ಮಾಸ್ಕ್‌ಗಳು ಕೊಂಡ ದಿನದಿಂದಲೂ ನೀರಿಗಿಳಿದ ಕೂಡಲೇ ಮಸುಕಾಗುತ್ತವೆ, ಅವರದ್ದು ಸೋರುತ್ತೆ ಕೂಡ. ಇವನ್ನೆಲ್ಲ ಸರಿ ಮಾಡಬಹುದಾ, ಹೊಸದೇ ಕೊಳ್ಳಬೇಕಾ?

ಉತ್ತರ: ಮೊದಲು ಧೈರ್ಯ ಹೇಳಿಬಿಡುತ್ತೇನೆ. ನೀವು ಬರೆದ ಪಟ್ಟಿಯಲ್ಲಿ ಹೆಚ್ಚಿನವು ಉಳಿಯುತ್ತವೆ. ಕಸಕ್ಕೆ ಹೋಗುವುದು ಬಹುಶಃ ಮಾಸ್ಕಿನ ಒಂದು ಪಟ್ಟಿ ಮತ್ತು ಸ್ನಾರ್ಕೆಲಿನಲ್ಲಿ ಬಾಯಿಗೆ ಇಟ್ಟುಕೊಳ್ಳುವ ಎರಡು ಮೌತ್‌ಪೀಸು. ಆದರೆ ಬ್ರಷ್ ಹಿಡಿದು ಕೂರುವ ಮುಂಚೆ ಇದೆಲ್ಲ ಹೇಗಾಯಿತು ಅಂತ ತಿಳಿದುಕೊಳ್ಳಿ. ಅದು ಗೊತ್ತಾದರೆ ಮುಂದಿನ ವರ್ಷ ಇಷ್ಟು ಕಷ್ಟಪಡಬೇಕಾಗಿಲ್ಲ.

ಈ ಸಾಮಾನು ಸಮುದ್ರದೊಳಗೆ ಕೆಡುವುದು ಕಡಿಮೆ. ನೀರಿಂದ ಮೇಲೆ ಬಂದ ಮೊದಲ ಒಂದೆರಡು ಗಂಟೆಯಲ್ಲಿ ಕೆಡುತ್ತದೆ. ಆಮೇಲೆ ಅಟ್ಟದ ಮೇಲೆ ಸುಮ್ನೆ ಕೂತಿರುವ ತಿಂಗಳುಗಳಲ್ಲಿ ಕೆಡುತ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಎರಡೇ ಮಾತು. ಉಪ್ಪುನೀರು ಆರಲು ಬಿಡಬೇಡಿ. ಸಿಹಿನೀರಲ್ಲಿ ತೊಳೆದ ಮೇಲೆ ಪೂರ್ತಿ ಆರದೆ ಮುಚ್ಚಿಡಬೇಡಿ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದಾಗ ಅದು ಹರಳುಗಟ್ಟುತ್ತದೆ. ಬಕಲ್‌ನ ಸಂದಿ, ಗಾಜು ಮತ್ತು ಫ್ರೇಮ್ ಸೇರುವ ಜಾಗ, ಸ್ನಾರ್ಕೆಲ್ ವಾಲ್ವ್‌ನ ಅಂಚು, ವೆಸ್ಟಿನ ಹೊಲಿಗೆ, ಇಂಥಲ್ಲೆಲ್ಲ ಕೂರುತ್ತದೆ. ಒಮ್ಮೆ ಹರಳಾದರೆ ನಲ್ಲಿ ನೀರು ಮೇಲಿಂದ ಹರಿದು ಹೋಗುತ್ತದೆಯೇ ಹೊರತು ಸಂದಿಗೆ ಇಳಿಯುವುದಿಲ್ಲ. ನೀವು ತೊಳೆದಿದ್ದೀರಿ ನಿಜ, ಆದರೆ ನೆನೆಸಿಲ್ಲ. ಎಡವಟ್ಟಾದದ್ದು ಅಲ್ಲೇ.

ಇನ್ನೊಂದು ವಿಷಯ ಇದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪಿನ ಭರಣಿ ನೀರು ಬಿಟ್ಟುಕೊಳ್ಳುತ್ತದಲ್ಲ, ನಿಮ್ಮ ಚೀಲದೊಳಗೆ ಆದದ್ದೂ ಅದೇ. ಒಣಗಿದೆ ಅಂತ ನೀವು ಮುಚ್ಚಿಟ್ಟ ಮಾಸ್ಕ್ ಜೂನ್ ತಿಂಗಳಲ್ಲಿ ತಾನಾಗಿಯೇ ಮತ್ತೆ ಒದ್ದೆಯಾಗಿದೆ. ಅದರ ಮೇಲೆ ಎಂಜಲು, ಮುಖದ ಜಿಡ್ಡು, ಸನ್‌ಸ್ಕ್ರೀನ್ ಎಲ್ಲ ಇದ್ದೇ ಇತ್ತು. ಬೂಷ್ಟಿಗೆ ಇನ್ನೇನು ಬೇಕು? ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಎರಡರ ಮೂಲವೂ ಒಂದೇ.

ಈಗ ಕೆಲಸಕ್ಕೆ ಬರೋಣ. ಒಂದು ಭಾನುವಾರ ಬೆಳಿಗ್ಗೆ ಸಾಕು. ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಎಲ್ಲವನ್ನೂ ಅರ್ಧ ಗಂಟೆ ಮುಳುಗಿಸಿಡಿ. ನೀರು ಕುದಿಯುವಷ್ಟು ಬಿಸಿ ಇರಬಾರದು. ಕೈಗೆ ಹಿತವೆನಿಸುವಷ್ಟಿದ್ದರೆ ಸಾಕು. ನೀರೊಳಗೇ ಬಕಲ್‌ಗಳನ್ನು ಹಿಂದೆ ಮುಂದೆ ಆಡಿಸಿ. ಸ್ನಾರ್ಕೆಲ್ ಕೆಳಗಿನ ಪರ್ಜ್ ವಾಲ್ವನ್ನು, ಅಂದರೆ ಕೊಳವೆಗೆ ಬಂದ ನೀರನ್ನು ಹೊರಗೆ ಬಿಡುವ ಬಿಲ್ಲೆಯನ್ನು, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಬಿಡಿ. ಆಗ ಒಳಗೆ ಸಿಕ್ಕಿಕೊಂಡ ಮರಳು ಸಡಿಲವಾಗುತ್ತದೆ. ಟಬ್ಬಿನ ತಳದಲ್ಲಿ ಎಷ್ಟು ಮರಳು ಕೂತಿದೆ ನೋಡಿ, ಆಶ್ಚರ್ಯವಾಗುತ್ತದೆ.

ಆಮೇಲೆ ಬೂಷ್ಟು. ಅಡುಗೆಗೆ ಬಳಸುವ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ. ಅದರಲ್ಲಿ ಮಾಸ್ಕ್, ಸ್ನಾರ್ಕೆಲ್ ಎರಡನ್ನೂ ಅರ್ಧ ಗಂಟೆ ನೆನೆಯಲು ಬಿಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಮೆತ್ತಗಿನ ಹಳೇ ಟೂತ್‌ಬ್ರಷ್‌ನಿಂದ ಸಿಲಿಕೋನ್ ಮಡಿಕೆಗಳನ್ನು ತಿಕ್ಕಿ. ಮೂಗಿನ ಗೂಡಿನ ಒಳಮೂಲೆ, ಗಾಜಿನ ಅಂಚಿಗೆ ಸಿಲಿಕೋನ್ ಸೇರುವ ಗೆರೆ, ಈ ಎರಡು ಜಾಗ ಮರೆಯಬೇಡಿ. ಚುಕ್ಕೆಗಳು ಅಲ್ಲೇ ಜಾಸ್ತಿ. ಆಮೇಲೆ ಧಾರಾಳ ಸಿಹಿನೀರಲ್ಲಿ ಜಾಲಿಸಿ. ವಾಸನೆ ಹೋಗಿ, ಕೈಗೆ ಜಾರುವಿಕೆ ಏನೂ ಸಿಗದೆ, ತೆಳು ಕಲೆ ಮಾತ್ರ ಉಳಿದರೆ ಚಿಂತೆ ಬೇಡ. ಸಿಲಿಕೋನ್ ಒಳಕ್ಕೆ ಇಳಿದ ಬಣ್ಣ ಹೋಗುವುದಿಲ್ಲ, ಅದರಿಂದ ತೊಂದರೆಯೂ ಇಲ್ಲ. ಗಾಜು ಮತ್ತು ಫ್ರೇಮಿನ ನಡುವೆಯೇ ಬೂಷ್ಟು ಹೊಕ್ಕಿದ್ದರೆ ಇನ್ನೂ ಒಂದೆರಡು ಸಲ ನೆನೆಸಿ ನೋಡಿ. ಸ್ಕ್ರೂಡ್ರೈವರ್ ಹಾಕಿ ಫ್ರೇಮ್ ಎಬ್ಬಿಸಲು ಹೋಗಬೇಡಿ. ಬಿಚ್ಚಲೆಂದೇ ಮಾಡಿದ ಮಾದರಿ ಅಲ್ಲದಿದ್ದರೆ ಮತ್ತೆ ಸೋರದಂತೆ ಕೂರಿಸುವುದು ಮನೆಯಲ್ಲಿ ಆಗದ ಕೆಲಸ.

ಒಂದು ಎಚ್ಚರಿಕೆ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಕಪ್ಪು ಚುಕ್ಕೆ ಬೇಗ ಹೋಗಲಿ ಅಂತ ವಿನೆಗರ್ ಜತೆ ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಸೇರಿಸಬೇಡಿ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಅಪಾಯ. ಬರೀ ಬ್ಲೀಚ್ ಕೂಡ ಈ ಕೆಲಸಕ್ಕೆ ಬೇಡ. ಸಿಲಿಕೋನ್, ಹೊಲಿಗೆ ದಾರ, ಬಟ್ಟೆಯ ಬಣ್ಣ ಎಲ್ಲವನ್ನೂ ಅದು ತಿನ್ನುತ್ತದೆ.

ಗಾಜಿನ ಮೇಲಿನ ಬಿಳಿ ಕಲೆಗೆ ಒಂದು ಸಣ್ಣ ಪರೀಕ್ಷೆ ಮಾಡಿ. ಬೆರಳನ್ನು ಒದ್ದೆ ಮಾಡಿ ಕಲೆಯ ಮೇಲೆ ಸವರಿ. ತಕ್ಷಣ ಕರಗಿದರೆ ಅದು ಸಮುದ್ರದ ಉಪ್ಪು. ಕರಗದೆ ಒಣಗಿದ ಕೂಡಲೇ ಮತ್ತೆ ಕಾಣಿಸಿಕೊಂಡರೆ ಅದು ನಿಮ್ಮ ಬೋರ್‌ವೆಲ್ ನೀರಿನ ಸುಣ್ಣ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಗಡಸು ನೀರು ಬರುತ್ತದೆ. ಸ್ಟೀಲ್ ನಲ್ಲಿಗಳ ಮೇಲೆ ಬಿಳಿ ಪೊರೆ ಕಟ್ಟುವುದು ಅದೇ. ವಿನೆಗರ್ ನೀರಿನಲ್ಲಿ ಸುಣ್ಣವೂ ಕರಗುತ್ತದೆ, ಹಾಗಾಗಿ ಒಂದೇ ಏಟಿಗೆ ಎರಡೂ ಕೆಲಸ ಆಯಿತು. ಮತ್ತೆ ಬರಬಾರದು ಅಂದರೆ ಕೊನೆಯ ಜಾಲಾಟಕ್ಕೆ ಒಂದೆರಡು ಚೊಂಬು ಆರ್‌ಒ ನೀರು ಬಳಸಿ. ಯಂತ್ರ ಹೊರಗೆ ಬಿಡುವ ವೇಸ್ಟ್ ನೀರಲ್ಲ, ಕುಡಿಯುವ ನೀರು. ವೇಸ್ಟ್ ನೀರಿನಲ್ಲಿ ಸುಣ್ಣ ಇನ್ನೂ ಜಾಸ್ತಿ.

ಗಾಜು ಮಸುಕಾಗುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ದೂರು ನನಗೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. ಕೊಂಡ ದಿನದಿಂದಲೂ ಹೀಗೇ ಅಂತ ಬರೆದಿದ್ದೀರಿ. ಕಾರಣ ಅದರಲ್ಲೇ ಇದೆ. ಹೊಸ ಮಾಸ್ಕಿನ ಗಾಜಿನ ಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ಪೊರೆಯೊಂದು ಕೂತಿರುತ್ತದೆ. ಕಾರ್ಖಾನೆಯಲ್ಲಿ ಸಿಲಿಕೋನ್ ಭಾಗವನ್ನು ಅಚ್ಚಿನಿಂದ ಬಿಡಿಸಲು ಬಳಸುವ ವಸ್ತು, ಸಿಲಿಕೋನಿನದೇ ಜಿಡ್ಡು, ಎಲ್ಲ ಸೇರಿ ಆದದ್ದು ಅದು. ನಮ್ಮ ಉಸಿರಿನ ಮತ್ತು ಮುಖದ ಬಿಸಿ ಆವಿ ತಣ್ಣನೆಯ ಗಾಜಿಗೆ ತಾಗಿ ನೀರಾಗುತ್ತದೆ. ಶುದ್ಧ ಗಾಜಿನ ಮೇಲಾದರೆ ಆ ನೀರು ಹಾಳೆಯಂತೆ ಹರಡಿಕೊಳ್ಳುತ್ತದೆ, ಕಣ್ಣಿಗೆ ಅಡ್ಡಿಯಿಲ್ಲ. ಜಿಡ್ಡಿನ ಮೇಲಾದರೆ ಸಣ್ಣ ಸಣ್ಣ ಹನಿಯಾಗಿ ನಿಲ್ಲುತ್ತದೆ. ಅದೇ ಮಸುಕು.

ಹಾಗಾಗಿ ಪೊರೆ ಹೋಗಬೇಕು. ಗಾಜನ್ನು ಒಣಗಿಸಿ. ಜೆಲ್ ಅಲ್ಲದ ಸಾದಾ ಬಿಳಿ ಟೂತ್‌ಪೇಸ್ಟನ್ನು ಕಡಲೆಕಾಳಿನಷ್ಟು ಒಳಮೈಗೆ ಹಾಕಿ. ನೀರು ಸೇರಿಸದೆ ಬೆರಳಿಂದ ಮೂಲೆ ಮೂಲೆಗೂ ಐದು ನಿಮಿಷ ಉಜ್ಜಿ. ಪೇಸ್ಟ್ ಮೊದಲು ಜಾರುತ್ತದೆ, ಆಮೇಲೆ ಗಾಜು ಬೆರಳನ್ನು ಹಿಡಿದಂತೆ ಆಗುತ್ತದೆ, ಒಂಥರಾ ಕಿರ್ ಅನ್ನುತ್ತದೆ. ಅಲ್ಲಿಗೆ ಒಂದು ಸುತ್ತು ಮುಗಿಯಿತು. ತೊಳೆದು, ಒರೆಸಿ, ಬಾಯಿ ಹತ್ತಿರ ಹಿಡಿದು ಹಾ ಅಂತ ಉಸಿರು ಬಿಡಿ. ಒಂದು ಕಡೆ ದಟ್ಟ ಮಸುಕು, ಇನ್ನೊಂದು ಕಡೆ ತೆಳು ಅಂತ ಕಂಡರೆ ದಟ್ಟವಾಗಿರುವ ಕಡೆ ಪೊರೆ ಇನ್ನೂ ಇದೆ. ಮತ್ತೆ ಉಜ್ಜಿ. ಹೊಸ ಮಾಸ್ಕಿಗೆ ಮೂರು ನಾಲ್ಕು ಸುತ್ತು ಬೇಕಾಗುವುದು ಮಾಮೂಲು. ಪಾತ್ರೆ ಉಜ್ಜುವ ಪುಡಿ, ಸ್ಕ್ರಬ್ಬರ್ ಹತ್ತಿರವೂ ತರಬೇಡಿ, ಗೀರು ಬೀಳುತ್ತದೆ.

ಲೈಟರ್ ಬೆಂಕಿಯಿಂದ ಪೊರೆ ಸುಡುವ ವಿಡಿಯೊಗಳನ್ನು ನೀವು ನೋಡಿರಬಹುದು. ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿನ ಮೇಲೆ ಅದು ಕೆಲಸ ಮಾಡುವುದೂ ನಿಜ. ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಜ್ವಾಲೆ ಒಂದು ಕ್ಷಣ ಆಚೆ ಈಚೆ ಆದರೆ ಸಿಲಿಕೋನ್ ಸುಟ್ಟು ಮಾಸ್ಕೇ ಹೋಗುತ್ತದೆ. ಟೂತ್‌ಪೇಸ್ಟ್ ಇರುವಾಗ ಆ ಸಾಹಸ ಯಾಕೆ? ಅದಕ್ಕೂ ಮೊದಲು ಗಾಜಿನ ಮೂಲೆಯಲ್ಲಿ ‘ಟೆಂಪರ್ಡ್’ ಅಂತ ಅಚ್ಚಾಗಿದೆಯಾ ನೋಡಿ. ಇಲ್ಲದಿದ್ದರೆ ಅದು ಪ್ಲಾಸ್ಟಿಕ್ ಲೆನ್ಸ್ ಇರಬಹುದು. ಪ್ಲಾಸ್ಟಿಕ್ ಲೆನ್ಸಿಗೆ ಟೂತ್‌ಪೇಸ್ಟೂ ಬೇಡ. ಮಸುಕಾಗದ ಲೇಪ ಇರುವ ಮಾಸ್ಕಿಗೂ ಬೇಡ, ಲೇಪವೇ ಕಿತ್ತು ಹೋಗುತ್ತದೆ.

ಪೊರೆ ಹೋದ ಮೇಲೆ ಪ್ರತಿ ಸಲ ನೀರಿಗಿಳಿಯುವ ಮುಂಚೆ ಬೇಬಿ ಶಾಂಪೂ ಸಾಕು. ಒಂದು ಪಾಲು ಶಾಂಪೂಗೆ ಐದಾರು ಪಾಲು ನೀರು ಬೆರೆಸಿ ಸಣ್ಣ ಬಾಟಲಿಯಲ್ಲಿಟ್ಟುಕೊಳ್ಳಿ. ಒಣ ಗಾಜಿಗೆ ಎರಡು ಹನಿ ಸವರಿ, ಒಮ್ಮೆ ಮಾತ್ರ ನೀರಲ್ಲಿ ಅದ್ದಿ ತೆಗೆದು ಹಾಕಿಕೊಳ್ಳಿ. ಎಂಜಲು ಹಚ್ಚಿಕೊಂಡರೂ ಆಗುತ್ತದೆ. ನೀರಲ್ಲಿರುವಾಗ ಮೂಗಿನಿಂದ ಉಸಿರು ಬಿಡಬೇಡಿ. ವಿರಾಮಕ್ಕೆ ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಳ್ಳಬೇಡಿ, ಕತ್ತಿಗೆ ಇಳಿಸಿಕೊಳ್ಳಿ. ಹಣೆಯ ಬೆವರಿನ ಆವಿಗೆ ಗಾಜು ಮತ್ತೆ ಮಸುಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಅಲೆ ಬಂದರೆ ಹಣೆ ಮೇಲಿನ ಮಾಸ್ಕ್ ಸಮುದ್ರದ ಪಾಲು.

ನಿಮ್ಮ ಯಜಮಾನರ ಮಾಸ್ಕ್ ಸೋರುವುದಕ್ಕೆ ಬರೋಣ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಇಟ್ಟು, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಲು ಹೇಳಿ. ಮಾಸ್ಕ್ ಬೀಳದೆ ನಿಂತರೆ ಅಳತೆ ಸರಿಯಾಗಿದೆ. ಆಮೇಲೂ ನೀರಲ್ಲಿ ಸೋರಿದರೆ ಮೊದಲ ಅನುಮಾನ ಮೀಸೆಯ ಮೇಲೆ. ಮೀಸೆ ಇದ್ದರೆ ಮೂಗಿನ ಬುಡಕ್ಕೆ ತಾಗುವ ಕೂದಲನ್ನು ಒಂದು ಗೆರೆಯಷ್ಟು ಕತ್ತರಿಸಿಕೊಂಡರೆ ಸಾಕು, ಪೂರ್ತಿ ತೆಗೆಯಬೇಕಾಗಿಲ್ಲ. ಕೆಲವರು ಅಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಅನ್ನುತ್ತಾರೆ. ಅದು ರಬ್ಬರಿಗೂ ಸಿಲಿಕೋನಿಗೂ ಒಳ್ಳೆಯದಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ನೀರಿಗಿಳಿಯುವವರಿಗೂ ಇದೇ ಮಾತು. ಎಣ್ಣೆ ಹಣೆಗಿಳಿದು ಸಿಲಿಕೋನ್ ಅಂಚು ಜಾರುತ್ತದೆ, ಗಾಜಿಗೂ ಜಿಡ್ಡು ತಾಗುತ್ತದೆ.

ಎರಡನೇ ಅನುಮಾನ ಬಿಗಿಯಾದ ಪಟ್ಟಿ. ಸೋರುತ್ತಿದೆ ಅಂತ ಎಲ್ಲರೂ ಮಾಡುವುದು ಪಟ್ಟಿ ಇನ್ನಷ್ಟು ಎಳೆಯುವುದು. ಆಗ ಸಿಲಿಕೋನ್ ಅಂಚು ಮಡಚಿಕೊಂಡು ಸೋರಿಕೆ ಜಾಸ್ತಿಯಾಗುತ್ತದೆ. ನೀರೊಳಗೆ ನೀರಿನ ಒತ್ತಡವೇ ಮಾಸ್ಕನ್ನು ಮುಖಕ್ಕೆ ಒತ್ತುತ್ತದೆ. ಪಟ್ಟಿಯ ಕೆಲಸ ಮಾಸ್ಕ್ ಬೀಳದಂತೆ ನೋಡಿಕೊಳ್ಳುವುದಷ್ಟೇ.

ಅಂಟಂಟಾದ ಪಟ್ಟಿಯನ್ನು ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಚೆನ್ನಾಗಿ ತೊಳೆಯಿರಿ. ಸಿಲಿಕೋನ್ ಪಟ್ಟಿ ಆಗಿದ್ದರೆ ಆ ಅಂಟು ಸನ್‌ಸ್ಕ್ರೀನಿನದ್ದು, ಹೋಗುತ್ತದೆ. ಎರಡು ಸಲ ತೊಳೆದರೂ ಕೈಗೆ ಅಂಟುತ್ತಿದ್ದರೆ ವಸ್ತುವೇ ಒಡೆಯುತ್ತಿದೆ ಅಂತ ಅರ್ಥ. ಅಗ್ಗದ ಪ್ಲಾಸ್ಟಿಕ್, ರಬ್ಬರ್ ಪಟ್ಟಿಗಳಲ್ಲಿ ಹೀಗಾಗುತ್ತದೆ. ಎಸೆದುಬಿಡಿ. ಉಳಿದ ಪಟ್ಟಿಗಳನ್ನೂ ಬಕಲ್ ಹತ್ತಿರ ಎಳೆದು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅದು ದೋಣಿಯ ಮೇಲೆ, ನೀವು ಹಾರಲು ತಯಾರಾದ ಹೊತ್ತಿಗೇ ಕಿತ್ತು ಹೋಗುವ ಪಟ್ಟಿ. ಹೊಸದು ಕೊಳ್ಳುವಾಗ ಬಟ್ಟೆಯಂಥ ನಿಯೋಪ್ರೀನ್ ಪಟ್ಟಿ ಸಿಕ್ಕರೆ ನೋಡಿ. ಕೂದಲು ಸಿಕ್ಕಿಕೊಳ್ಳುವುದಿಲ್ಲ, ಬೇಗ ಹಾಳಾಗುವುದೂ ಇಲ್ಲ.

ಸನ್‌ಸ್ಕ್ರೀನ್ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ತುಂಬು ತೋಳಿನ ರ‍್ಯಾಶ್ ಗಾರ್ಡ್ (ಮೈಗಂಟುವ ಈಜಿನ ಅಂಗಿ) ಹಾಕಿಕೊಂಡರೆ ಮುಖ, ಕುತ್ತಿಗೆ, ಕೈಗಳಿಗೆ ಮಾತ್ರ ಸನ್‌ಸ್ಕ್ರೀನ್ ಬೇಕಾಗುತ್ತದೆ. ಮಾಸ್ಕ್ ಸಿಲಿಕೋನ್ ಹಳದಿಯಾಗುವುದು, ಅಂಟಾಗುವುದು ಕಡಿಮೆಯಾಗುತ್ತದೆ. ಹವಳಕ್ಕೂ ಒಳ್ಳೆಯದು. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ ರಾಜ್ಯ 2021ರ ಜನವರಿಯಿಂದ ನಿಲ್ಲಿಸಿದ್ದು ಹವಳದ ಕಾಳಜಿಯಿಂದಲೇ.

ಸ್ನಾರ್ಕೆಲ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಾಸ್ಕ್ ಸೋರಿದರೆ ಕಿರಿಕಿರಿ, ಸ್ನಾರ್ಕೆಲ್ ಸೋರಿದರೆ ನೀರು ಗಂಟಲಿಗೆ. ಗಾಬರಿ ಶುರುವಾಗುವುದು ಅಲ್ಲಿಂದಲೇ. ನಿಮ್ಮದು ಡ್ರೈ ಸ್ನಾರ್ಕೆಲ್. ಮೇಲ್ತುದಿಯ ಗೂಡಿನಲ್ಲಿ ಒಂದು ತೇಲುವ ತುಂಡು ಇರುತ್ತದೆ. ಅಲೆ ಮೇಲೆ ಬಂದಾಗ ಅದು ಎದ್ದು ಕೊಳವೆಯ ಬಾಯಿ ಮುಚ್ಚುತ್ತದೆ. ಅಲ್ಲಿ ಒಂದು ಉಪ್ಪಿನ ಹರಳು, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ತೆರೆದೇ ಉಳಿಯಬಹುದು, ಇಲ್ಲವೇ ಮುಚ್ಚಿಕೊಂಡೇ ಕೂರಬಹುದು. ಚೆನ್ನಾಗಿ ನೆನೆಸಿದ ಮೇಲೆ ಸ್ನಾರ್ಕೆಲನ್ನು ಕಿವಿ ಹತ್ತಿರ ಹಿಡಿದು ಮೇಲೆ ಕೆಳಗೆ ತಿರುಗಿಸಿ. ಒಳಗಿನ ತುಂಡು ಟಕ್ ಟಕ್ ಅಂತ ಸರಾಗವಾಗಿ ಓಡಾಡಬೇಕು. ಸದ್ದಿಲ್ಲದಿದ್ದರೆ ಮತ್ತೆ ಬೆಚ್ಚನೆ ನೀರಿಗೆ ಹಾಕಿ. ಕಡ್ಡಿ, ಪಿನ್ನು ಹಾಕಿ ಕೆದಕಬೇಡಿ.

ಕೆಳಗಿನ ಪರ್ಜ್ ವಾಲ್ವ್ ಅಂದರೆ ರೂಪಾಯಿ ನಾಣ್ಯದಂಥ ಒಂದು ತೆಳು ಸಿಲಿಕೋನ್ ಬಿಲ್ಲೆ. ಅದರ ಅಂಚು ಸಮತಟ್ಟಾಗಿ ಕೂತಿರಬೇಕು. ಅಲೆಅಲೆಯಾಗಿ ಎದ್ದಿದ್ದರೆ, ಹರಿದಿದ್ದರೆ ಅದು ನೀರನ್ನು ಒಳಗೆ ಬಿಡುತ್ತದೆ. ಪರೀಕ್ಷೆ ಸುಲಭ. ಮೇಲ್ತುದಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಮೌತ್‌ಪೀಸಿನಿಂದ ಉಸಿರೆಳೆಯಿರಿ. ಗಾಳಿ ಬರಬಾರದು, ಬಾಯಿ ಹಿಡಿದುಕೊಂಡಂತೆ ಆಗಬೇಕು. ಗಾಳಿ ಬಂದರೆ ವಾಲ್ವ್ ತೊಳೆದು ಮತ್ತೆ ನೋಡಿ. ಆಗಲೂ ಬಂದರೆ ಆ ಸ್ನಾರ್ಕೆಲ್ ನೀರಿಗೆ ಬೇಡ. ಬಿಡಿ ವಾಲ್ವ್ ಸಿಕ್ಕರೆ ಬದಲಿಸಿ, ಇಲ್ಲದಿದ್ದರೆ ಸ್ನಾರ್ಕೆಲನ್ನೇ ಬದಲಿಸಿ.

ಮೌತ್‌ಪೀಸಿನ ಒಳಗೆ ಹಲ್ಲಿನಿಂದ ಕಚ್ಚಿಕೊಳ್ಳುವ ಎರಡು ಗುಬುಟುಗಳಿವೆಯಲ್ಲ, ಅವನ್ನು ನೋಡಿ. ಅವು ಕಚ್ಚಿ ಹರಿದಿದ್ದರೆ, ಅಥವಾ ವಿನೆಗರ್ ಆದ ಮೇಲೂ ವಾಸನೆ ಉಳಿದಿದ್ದರೆ ಹೊಸ ಮೌತ್‌ಪೀಸ್ ಹಾಕಿ. ಬಾಯೊಳಗೆ ಹೋಗುವ ವಸ್ತು, ಜಿಪುಣತನ ಬೇಡ. ಬೂಷ್ಟು ಹಿಡಿದ ಕೊಳವೆಯಿಂದ ಗಂಟೆಗಟ್ಟಲೆ ಉಸಿರಾಡುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆಸ್ತಮಾ ಇದ್ದವರಿಗಂತೂ ಖಂಡಿತ ಬೇಡ.

ಇಡೀ ಮುಖ ಮುಚ್ಚುವ ಮಾಸ್ಕ್ ನಿಮ್ಮ ಹತ್ತಿರ ಇಲ್ಲ. ಆದರೂ ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಅದರಲ್ಲಿ ಒಳಗೆ ಬರುವ ಗಾಳಿ, ಹೊರಗೆ ಹೋಗುವ ಗಾಳಿ ಬೇರೆ ಬೇರೆ ದಾರಿಯಲ್ಲಿ ಹೋಗಲು ಹಲವು ಸಣ್ಣ ವಾಲ್ವ್‌ಗಳಿರುತ್ತವೆ. ಒಂದು ಕೆಟ್ಟರೂ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವಂತಾಗುತ್ತದೆ, ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ. ತಲೆಸುತ್ತು ಬಂದು ಗೊತ್ತಾಗುವಷ್ಟರಲ್ಲಿ ನೀವು ದಡದಿಂದ ದೂರ ಇರುತ್ತೀರಿ. ಅಂಥ ಮಾಸ್ಕಿನಲ್ಲಿ ವಾಲ್ವ್ ಬಗ್ಗೆ ಸಣ್ಣ ಅನುಮಾನ ಇದ್ದರೂ ಬಳಸಬೇಡಿ.

ಸೊಟ್ಟಗಾದ ಫಿನ್ನು ಮೂಲೆಗೆ ಒರಗಿಸಿ ನಿಲ್ಲಿಸಿದ್ದರಿಂದಲೋ, ಭಾರದ ಅಡಿಯಲ್ಲಿ ಸಿಕ್ಕಿದ್ದರಿಂದಲೋ ಹಾಗಾಗಿರುತ್ತದೆ. ಪ್ಲಾಸ್ಟಿಕ್ ಬ್ಲೇಡ್ ಆಗಿದ್ದರೆ ಕೈ ತಾಗಿಸಲಾಗದಷ್ಟು ಬಿಸಿ ನೀರಲ್ಲಿ ಬ್ಲೇಡನ್ನು ಮಾತ್ರ ಒಂದೆರಡು ನಿಮಿಷ ಇಳಿಬಿಡಿ. ತೆಗೆದು ಸಮ ನೆಲದ ಮೇಲೆ ಒತ್ತಿ ಹಿಡಿದು ತಣ್ಣೀರು ಸುರಿಯಿರಿ. ಒಂದೆರಡು ಸಲಕ್ಕೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಕಾರ್ಬನ್ ಅಥವಾ ಫೈಬರ್‌ಗ್ಲಾಸ್ ಬ್ಲೇಡಿಗೆ ಇದನ್ನು ಮಾಡಬೇಡಿ. ಹೊಸ ಫಿನ್ಸ್ ಜತೆ ಕಾಲು ಹಾಕುವ ಜಾಗದೊಳಗೆ ಒಂದು ಪ್ಲಾಸ್ಟಿಕ್ ಅಚ್ಚು ಬಂದಿರುತ್ತದೆ. ಹೆಚ್ಚಿನವರು ಅದನ್ನು ಮೊದಲ ದಿನವೇ ಎಸೆಯುತ್ತಾರೆ. ಅದು ಇದ್ದರೆ ಮತ್ತೆ ಒಳಗೆ ಹಾಕಿಡಿ, ಆಕಾರ ಉಳಿಯುತ್ತದೆ.

ವೆಸ್ಟನ್ನು ಹೊರಗೆ ತೊಳೆದರೆ ಸಾಲದು. ಊದುವಾಗ, ಗಾಳಿ ಬಿಡುವಾಗ ಒಳಗೆ ಉಪ್ಪುನೀರು, ಎಂಜಲು ಹೋಗಿರುತ್ತದೆ. ಕೊಳವೆಯ ಮೂಲಕ ಒಂದು ಲೋಟ ಸಿಹಿನೀರು ಒಳಗೆ ಬಿಟ್ಟು, ಗಾಳಿ ಊದಿ, ಅಲ್ಲಾಡಿಸಿ, ತಲೆಕೆಳಗೆ ಹಿಡಿದು ಖಾಲಿ ಮಾಡಿ. ಆಮೇಲೆ ಗಟ್ಟಿಯಾಗಿ ಊದಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಎಲ್ಲೋ ಸೋರಿಕೆ ಇದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಎಲ್ಲಿ ಏಳುತ್ತದೆ ಅಂತ ಕಾಣಿಸುತ್ತದೆ. ಎತ್ತಿಡುವಾಗ ಸ್ವಲ್ಪ ಗಾಳಿ ಉಳಿಸಿ, ಒಳಪದರಗಳು ಒಂದಕ್ಕೊಂದು ಅಂಟಿಕೊಳ್ಳಬಾರದು. ಎಷ್ಟೇ ಚೆನ್ನಾಗಿದ್ದರೂ ಈ ವೆಸ್ಟ್ ಲೈಫ್ ಜಾಕೆಟ್ ಅಲ್ಲ. ದೋಣಿಯಲ್ಲಿ ಹೋಗುವಾಗ ಅವರು ಕೊಟ್ಟ ಜಾಕೆಟ್ಟನ್ನೇ ಹಾಕಿಕೊಳ್ಳಿ.

ಇನ್ನು ಮುಂದಿನ ಪ್ರವಾಸಕ್ಕೆ. ನೇತ್ರಾಣಿ ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್. ನೀರಿಂದ ಮೇಲೆ ಬಂದು ರೂಮು ಸೇರುವಷ್ಟರಲ್ಲಿ ಬಿಸಿಲಿಗೆ ಎಲ್ಲ ಒಣಗಿ ಉಪ್ಪು ಕಟ್ಟಿರುತ್ತದೆ. ದೋಣಿಯಲ್ಲಿ ಸಿಹಿನೀರು ಸಿಗದಿದ್ದರೆ ಸಾಮಾನನ್ನು ಒದ್ದೆಯಾಗಿಯೇ ಇಡಿ. ಉಪ್ಪುನೀರಲ್ಲಿ ಅದ್ದಿದ ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೆರಳಲ್ಲಿಟ್ಟುಕೊಳ್ಳಿ. ಒದ್ದೆ ಉಪ್ಪು ಒಂದೆರಡು ಗಂಟೆಯಲ್ಲಿ ಏನೂ ಮಾಡುವುದಿಲ್ಲ, ಒಣಗಿದ ಉಪ್ಪೇ ತೊಂದರೆ. ಮಾಸ್ಕಿನ ಗಾಜು ಕೆಳಗೆ ಮಾಡಿ ಮರಳಿನ ಮೇಲೆ ಇಡಬೇಡಿ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟು ದೇವಸ್ಥಾನಕ್ಕೆ, ಊಟಕ್ಕೆ ಅಂತ ಹೋಗಬೇಡಿ. ಫಿನ್ಸ್ ಸೊಟ್ಟಗಾಗಲು ಒಂದು ಮಧ್ಯಾಹ್ನ ಸಾಕು.

ರೂಮಿನಲ್ಲಿ ಅರ್ಧ ಬಕೆಟ್ ನೀರು ಇಬ್ಬರಿಗೂ ಸಾಕು. ಮೊದಲು ಮಾಸ್ಕ್, ಸ್ನಾರ್ಕೆಲ್. ಆಮೇಲೆ ಅದೇ ನೀರಲ್ಲಿ ವೆಸ್ಟ್. ಮರಳಿರುವ ಫಿನ್ಸ್ ಕೊನೆಗೆ. ನಲ್ಲಿ ಬಿಟ್ಟುಕೊಂಡು ತೊಳೆಯುವುದಕ್ಕಿಂತ ಇದು ಚೆನ್ನಾಗಿ ತೊಳೆಯುತ್ತದೆ, ನೀರೂ ಉಳಿಯುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾವು ಸ್ನಾರ್ಕೆಲಿಂಗ್‌ಗೆ ಹೋಗುವ ದ್ವೀಪಗಳಲ್ಲಿ ಸಿಹಿನೀರು ಎಲ್ಲಕ್ಕಿಂತ ದುಬಾರಿ ವಸ್ತು. ಲಕ್ಷದ್ವೀಪದ ಕವರತ್ತಿಯಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ 2005ರಲ್ಲಿ ಶುರುವಾಯಿತು. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟಿದ್ದು. ಅಲ್ಲಿಯ ಜನ ಕುಡಿಯುವ ನೀರಿಗೇ ಇಷ್ಟು ಪಾಡು ಪಡುವಾಗ ನಮ್ಮ ಫಿನ್ಸ್ ತೊಳೆಯಲು ಷವರ್ ಬಿಟ್ಟುಕೊಂಡು ನಿಲ್ಲುವುದು ಸರಿ ಕಾಣುವುದಿಲ್ಲ, ಅಲ್ವಾ?

ಒಂದು ಕಡಲಿನಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನು ಪೂರ್ತಿ ತೊಳೆದು ಒಣಗಿಸಿಯೇ ಒಯ್ಯಿರಿ. ಫ್ಲೋರಿಡಾದಲ್ಲಿ 2014ರಲ್ಲಿ ಹವಳಗಳಿಗೆ ಒಂದು ರೋಗ ಕಾಣಿಸಿಕೊಂಡು ಕೆರಿಬಿಯನ್ ದ್ವೀಪಗಳವರೆಗೂ ಹರಡಿತು. ಹವಳದ ಜೀವಂತ ಪದರವೇ ಕಳಚಿ ಬರೀ ಬಿಳಿ ಅಸ್ಥಿ ಉಳಿಯುವ ರೋಗ ಅದು. ಡೈವರ್‌ಗಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸಾಮಾನು ಶುದ್ಧ ಮಾಡಿಕೊಳ್ಳಬೇಕು ಅಂತ ಅಲ್ಲಿ ಈಗ ಹೇಳುತ್ತಾರೆ. ಅಂಡಮಾನಿನ ನೀರು ಹಿಡಿದುಕೊಂಡ ವೆಸ್ಟನ್ನು ನೇತ್ರಾಣಿಗೆ ಇಳಿಸದಿರುವುದು ನಮ್ಮಿಂದಾಗುವ ಕೆಲಸ.

ಒಣಗಿಸುವುದು ನೆರಳಲ್ಲಿ, ಫ್ಯಾನ್ ಕೆಳಗೆ. ಬಾಲ್ಕನಿ ಬಿಸಿಲು ಬೇಡ, ಸಿಲಿಕೋನ್, ರಬ್ಬರ್, ಹೊಲಿಗೆ ಎಲ್ಲವನ್ನೂ ಅದು ಬೇಗ ಮುದಿ ಮಾಡುತ್ತದೆ. ಸ್ನಾರ್ಕೆಲನ್ನು ಜೋರಾಗಿ ಒದರಿ ತೂಗುಹಾಕಿ. ಪರ್ಜ್ ವಾಲ್ವಿನ ಬಟ್ಟಲಲ್ಲಿ ನೀರು ನಿಂತೇ ಇರುತ್ತದೆ, ಅಲ್ಲಿ ಟಿಶ್ಯೂ ತುದಿ ತೂರಿಸಿ ನೋಡಿ. ಟಿಶ್ಯೂ ಒಣಗಿಯೇ ಹೊರಬಂದರೆ ಮಾತ್ರ ಎತ್ತಿಡಬಹುದು. ಬೆಂಗಳೂರಿನಲ್ಲಿ ಒಂದು ಪೂರ್ತಿ ದಿನ ಕೊಡಿ, ಕರಾವಳಿಯಲ್ಲಾದರೆ ಎರಡು.

ಎತ್ತಿಡಲು ಚೀಲಕ್ಕಿಂತ ಮುಚ್ಚಳ ಗಟ್ಟಿಯಾಗಿರುವ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು. ಮಾಸ್ಕ್ ಅದರದ್ದೇ ಪೆಟ್ಟಿಗೆಯಲ್ಲಿರಲಿ, ಮೂಗಿನ ಗೂಡಿನ ಮೇಲೆ ಏನೂ ಒತ್ತಬಾರದು. ಪಾರದರ್ಶಕ ಸಿಲಿಕೋನನ್ನು ಕಪ್ಪು ರಬ್ಬರಿಗೆ ತಾಗಿಸಿಡಬೇಡಿ, ಕಪ್ಪು ಬಣ್ಣ ಹತ್ತಿಕೊಳ್ಳುತ್ತದೆ. ಫಿನ್ಸ್ ಮಲಗಿಸಿಡಿ. ಚಪ್ಪಲಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಾಲ್ಕೈದು ಹಾಕಿ. ಅಟ್ಟದಲ್ಲಿ ಇರುವೆ, ಇಲಿ ಇದ್ದರೆ ಡಬ್ಬಕ್ಕೆ ಸಂದಿ ಇರಬಾರದು. ಎಂಜಲಿನ ವಾಸನೆಗೆ ಅವು ಮೌತ್‌ಪೀಸನ್ನೇ ಕಚ್ಚುತ್ತವೆ. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ನೋಡಿ ಒಮ್ಮೆ ಡಬ್ಬ ತೆರೆದು ಗಾಳಿಯಾಡಿಸಿ.

ನೇತ್ರಾಣಿಗೆ ದೋಣಿಗಳು ಮಳೆ ನಿಂತ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತವೆ. ಅಷ್ಟರೊಳಗೆ ಎಲ್ಲ ಸರಿ ಮಾಡಿಕೊಂಡು, ಮನೆ ಹತ್ತಿರದ ಈಜುಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ಒಂದು ಗಂಟೆ ಇಬ್ಬರೂ ಹಾಕಿಕೊಂಡು ನೋಡಿ. ಮಾಸ್ಕ್ ಸೋರುತ್ತದಾ, ಸ್ನಾರ್ಕೆಲ್ ತಲೆ ನೀರಲ್ಲಿ ಮುಳುಗಿದಾಗ ಮುಚ್ಚಿಕೊಳ್ಳುತ್ತದಾ, ವೆಸ್ಟ್ ಗಾಳಿ ಹಿಡಿಯುತ್ತದಾ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಕೊಳದ ನೀರಲ್ಲೂ ಕ್ಲೋರಿನ್ ಇರುವುದರಿಂದ ವಾಪಸ್ ಬಂದು ಸಿಹಿನೀರಲ್ಲಿ ನೆನೆಸುವುದು ಬಿಡಬೇಡಿ. ಸದ್ಯಕ್ಕೆ ಎರಡು ಮೌತ್‌ಪೀಸ್, ಎರಡು ಪಟ್ಟಿ ತರಿಸಿಕೊಳ್ಳಿ. ಒಂದು ಪಟ್ಟಿ ಯಜಮಾನರ ಮಾಸ್ಕಿಗೆ, ಇನ್ನೊಂದು ಚೀಲದಲ್ಲಿ ಸ್ಪೇರ್ ಆಗಿ ಇರಲಿ. ಕೊಳ್ಳುವ ಮುಂಚೆ ನಿಮ್ಮ ಸ್ನಾರ್ಕೆಲಿನ ಕೊಳವೆ ಬಾಯಿಯ ಅಳತೆ, ಮಾಸ್ಕ್ ಬಕಲಿನ ಅಗಲ ಎರಡನ್ನೂ ಅಳೆದು ಬರೆದುಕೊಳ್ಳಿ, ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ.